ತೆಂಗಿನಮರಕ್ಕೆ ಕಟ್ಟಿದ ಕಾರು

ಕಾರನ್ನು ತೆಂಗಿನಮರಕ್ಕೆ ಹಗ್ಗದಿಂದ ಕಟ್ಟಿಹಾಕುವ ಮನುಷ್ಯನನ್ನು ನೀವು ನೋಡಿದ್ದೀರಾ? ಹಾಗಾದರೆ ನನ್ನ ಸೋದರಮಾವನನ್ನೇ ನೋಡಿದ್ದೀರಿ. ಅಂಥ ಎರಡನೆಯವರು ಲೋಕದಲ್ಲಿ ಇರಲಾರರು! ಕಳ್ಳರ ಭಯಕ್ಕೆ ಕಟ್ಟುತ್ತಿದ್ದರು ಎಂದುಕೊಳ್ಳಬೇಡಿ. ಮಾವ ಕುಂದಾಪುರದ ಕೋಡಿಯಲ್ಲಿ ಹುಟ್ಟಿ, ಮೀನುಗಾರಿಕೆಯ ಬೋಟು ಓಡಿಸುತ್ತಲೇ ತಲೆ ನರೆಸಿಕೊಂಡವರು. ಬೋಟನ್ನು ಕಟ್ಟದೆ ಬಂದರೆ ಇಳಿತದ ನೀರಿಗೆ ಹೋಗಿಬಿಡುತ್ತದೆ. ಕಾರಿಗೆ ಉಬ್ಬರವೂ ಇಲ್ಲ, ಇಳಿತವೂ ಇಲ್ಲ ಎಂದು ಅವರಿಗೆ ಹೇಳುವವರು ಯಾರು? ನಾನೊಮ್ಮೆ ಹೇಳಿ ನೋಡಿದೆ.

"ಕಟ್ಟಿ ಹಾಕ್ರೆ ನಿಂಗೆಂತ ನಷ್ಟ ಮಾರಾಯಾ?" ಎಂದರು. ನನಗೇನೂ ನಷ್ಟವಿರಲಿಲ್ಲ.

ಈ ಕಾರಿನ ಹುಚ್ಚು ಹತ್ತಿದ್ದು ೧೯೯೭ರಲ್ಲಿ, ಅದೂ ಒಂದು ಬಸ್ಸಿನಲ್ಲಿ. ಅತ್ತೆ ಮೀನು ಮಾರುವವರು. ದಿನಾ ಬುಟ್ಟಿ ಹೊತ್ತು ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋಗುತ್ತಿದ್ದರು. ಒಂದು ದಿನ ಮಾವನೂ ಅದೇ ಬಸ್ಸಿನಲ್ಲಿದ್ದರು. ಮುಂದಿನ ಸೀಟು ಖಾಲಿ ಇತ್ತೆಂದು ಅತ್ತೆ ಕೂತರೆ, ಕಂಡಕ್ಟರ್ ಮೂಗಿಗೆ ಕರವಸ್ತ್ರ ಹಿಡಿದು, "ಮೀನಿನವ್ರೆಲ್ಲ ಹಿಂದ್ ಹೋಯ್ನಿ" ಎಂದು ಎಬ್ಬಿಸಿದ. ಅತ್ತೆಗೆ ಅದು ಹೊಸತಲ್ಲ, ಎದ್ದು ಹಿಂದೆ ಹೋದರು. ಮಾವನಿಗೆ ಹೊಸತು. ಅಲ್ಲೇನೂ ಜಗಳ ಮಾಡಲಿಲ್ಲ. ಮನೆಗೆ ಬಂದು ಅಂಗಳದಲ್ಲಿ ನಿಂತು, "ಇವ್ಳನ್ನ ಮುಂದಿನ ಸೀಟಗೆ ಕೂರ್ಸದಿದ್ರೆ ನನ್ ಹೆಸ್ರೇ ಅಲ್ಲ!" ಎಂದು ರಜೆಗೆ ಹೋಗಿದ್ದ ನಮಗೆಲ್ಲ ಕೇಳುವಂತೆ ಕೂಗಿದರು. ಅತ್ತೆ ಮೀನು ತೊಳೆಯುತ್ತಿದ್ದವರು ತಲೆ ಎತ್ತಲೂ ಇಲ್ಲ.

ಯಾರಾದರೂ ಹೆಂಡತಿಗಾಗಿ ಕಾರು ತಂದರೆ ಓಡುವ ಕಾರು ತರುತ್ತಾರೆ. ನಮ್ಮ ಮಾವ ತಂದದ್ದು ಕೋಳಿ ಮೊಟ್ಟೆ ಇಡುವ ಕಾರು! ಬೈಂದೂರಿನಲ್ಲಿ, ಮುಂಬಯಿಯಿಂದ ಹಿಂತಿರುಗಿದ್ದ ಹೋಟೆಲಿನವರೊಬ್ಬರ ಹಿತ್ತಲಲ್ಲಿ ಹಳೆಯ ಕಾಂಟೆಸ್ಸಾ ಒಂದು ಮರಳಿನಲ್ಲಿ ಅರ್ಧ ಹೂತು ನಿಂತಿತ್ತು. ನಮ್ಮ ರಸ್ತೆಯ ಕಾರುಗಳೆಲ್ಲ ಗಿಡ್ಡಗೆ, ಸಂಭಾವಿತರ ಹಾಗೆ ಇದ್ದ ಕಾಲದಲ್ಲಿ ಇದೊಂದಕ್ಕೆ ಉದ್ದ ಮೂತಿ, ಅಗಲ ಭುಜ, ಗರಡಿಯ ಜಟ್ಟಿಯ ಗತ್ತು. ಈಗ ಮಾತ್ರ ಜಟ್ಟಿಯ ಮೈಯೆಲ್ಲ ತುಕ್ಕು, ಹಿಂದಿನ ಸೀಟಿನಲ್ಲಿ ಕಾವು ಕೂತ ಹೇಂಟೆ. ಕ್ರೇನ್ ತರಿಸಿ ಎಂದರು ಹೋಟೆಲಿನವರು. ಮಾವ ತಮ್ಮ ಬೋಟಿನವರನ್ನು ತರಿಸಿದರು! ಚಕ್ರದಡಿಗೆ ಮರದ ಕೊರಡು ಕೊಟ್ಟು, ಮೂತಿಗೆ ಹಗ್ಗ ಬಿಗಿದು, "ಐಲೇಸಾ" ಎಂದು ಕೂಗುತ್ತ ಅವರೆಲ್ಲ ಸೇರಿ ಆ ಕಾರನ್ನು ದೋಣಿಯಂತೆ ಹೆದ್ದಾರಿಗೆ ಎಳೆದು ತಂದರು. ಹೇಂಟೆ ಮಾತ್ರ ರಸ್ತೆ ಮುಟ್ಟುವವರೆಗೂ ಇಳಿಯಲಿಲ್ಲವಂತೆ.

ಆಮೇಲೆ ಶುರುವಾಯಿತು ರಿಪೇರಿ. ಎಂಜಿನ್ನಿನ ಕೆಲಸ ಮಾವನಿಗೆ ಬೋಟಿನಲ್ಲೇ ಕರಗತ, ಬಿಚ್ಚಿ ಜೋಡಿಸಿ ಗುಡುಗುವಂತೆ ಮಾಡಿದರು. ಎಡವಟ್ಟಾದದ್ದು ತುಕ್ಕಿನ ವಿಷಯದಲ್ಲಿ. ಉಪ್ಪುಗಾಳಿಗೆ ಮದ್ದು ಎಂಥದು? ದೋಣಿಯ ಅಡಿಗೆ ಅವರಜ್ಜನ ಕಾಲದಿಂದ ಹಚ್ಚುತ್ತಿದ್ದದ್ದು ಮೀನೆಣ್ಣೆ. ಸರಿ, ಕಾರಿನ ಅಡಿಗೂ ಮೀನೆಣ್ಣೆ! ಒಂದಲ್ಲ, ಮೂರು ಸಲ ಬಳಿದರು. ತುಕ್ಕು ನಿಂತಿತು, ನಿಜ. ಆದರೆ ಕಾರು ನಿಂತಲ್ಲೆಲ್ಲ ಬೆಕ್ಕುಗಳು ಸಭೆ ಸೇರತೊಡಗಿದವು. ಬಸ್ರೂರಿನ ನಮ್ಮ ಮನೆಗೆ ಮೊದಲ ಸಲ ಬಂದಾಗ, ಮಾವ ಒಳಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ನಮ್ಮ ಕೇರಿಯ ಬೆಕ್ಕುಗಳೆಲ್ಲ ಕಾರಿನ ಅಡಿಯಲ್ಲಿ ಅಂಗಾತ ಮಲಗಿ ನೆಕ್ಕುತ್ತಿದ್ದವು. "ಕಾಣಿ, ಬೆಕ್ಕಿಗೂ ಒಳ್ಳೆ ಗಾಡಿ ಯಾವ್ದಂತ ಗೊತ್ತಿತ್ತ್!" ಎಂದು ಮಾವ ಮೀಸೆ ತಿರುವಿದರು.

ಒಳಗಿನ ವೈಭವವನ್ನಂತೂ ಕೇಳಲೇಬೇಡಿ. ಸೀಟು ಹೊಲಿದವರು ಬ್ರಹ್ಮಾವರದಲ್ಲಿ ಯಕ್ಷಗಾನದ ವೇಷಭೂಷಣ ಹೊಲಿಯುವ ದರ್ಜಿ. ಕೆಂಪು ಮಖಮಲ್ಲು, ಅಂಚಿಗೆಲ್ಲ ಜರಿ. ಕೂತವರಿಗೆ ಎದ್ದು ಒಂದು ಸುತ್ತು ಕುಣಿಯಬೇಕು ಎನ್ನಿಸುತ್ತಿತ್ತು! ಎಲ್ಲ ಸಿದ್ಧವಾದ ದಿನ ಮಾವ ಬಿಳಿ ಪಂಚೆ ಉಟ್ಟು, ಮುಂದಿನ ಬಾಗಿಲು ತೆರೆದು ಹಿಡಿದು, ಮನೆಯವರೆಲ್ಲರ ಎದುರು ಅತ್ತೆಯನ್ನು ಕರೆದರು. ಅತ್ತೆ ಬಂದರು, ತಲೆಯ ಮೇಲೆ ಮೀನಿನ ಬುಟ್ಟಿಯೊಂದಿಗೆ.

"ಬುಟ್ಟಿ ಕೆಳ್ಗೆ ಇಡ್ ಮಾರಾಯ್ತಿ. ಮಖಮಲ್ಲ್ ಅದ್!"

"ಅಡಿಗೆಲ್ಲ ಮೀನೆಣ್ಣಿ ಹಚ್ತ್ರಿ, ಒಳ್ಗೆ ಮೀನ್ ಬುಟ್ಟಿ ಆತಿಲ್ಯಾ? ಎಂತ ಮಡಿ ನಿಮ್ದ್? ಬುಟ್ಟಿ ಇಲ್ದೆ ನಾ ಕೂಕಂತಿಲ್ಲೆ" ಎಂದು ಹೇಳಿ ಅತ್ತೆ ಬಸ್ಸಿಗೆ ನಡೆದೇಬಿಟ್ಟರು.

ಅಂದಿನಿಂದ ಮುಂದಿನ ಸೀಟು ಖಾಲಿ. ನಾವು ಯಾರೂ ಅಲ್ಲಿ ಕೂರುವಂತಿಲ್ಲ, ಅದು ಅತ್ತೆಯದು! ಮಕ್ಕಳು ಮರಿಗಳೆಲ್ಲ ಹಿಂದೆ ಒಬ್ಬರ ಮೇಲೊಬ್ಬರು ಬಿದ್ದು ಎಷ್ಟು ಸುತ್ತಾಡಿದ್ದೇವೆ! ಮಾವ ರಸ್ತೆಯ ಉಬ್ಬುಗಳನ್ನು ನೇರವಾಗಿ ಹತ್ತಿಸುತ್ತಲೇ ಇರಲಿಲ್ಲ, ಅಲೆಗೆ ದೋಣಿ ಕೊಟ್ಟಂತೆ ಓರೆಯಾಗಿ ಏರಿಸಿ ಇಳಿಸುತ್ತಿದ್ದರು. ಹಿಂದೆ ಬರುವ ಬೈಕಿನವರು ಇವರು ಎಡಕ್ಕೆ ಹೋಗುತ್ತಾರೋ ಬಲಕ್ಕೋ ತಿಳಿಯದೆ ನಿಂತೇಬಿಡುತ್ತಿದ್ದರು.

ಇನ್ನು ಮಳೆಗಾಲ. ಬೋಟುಗಳೆಲ್ಲ ದಡ ಸೇರಿದ ಕೂಡಲೇ ಕಾರಿಗೂ ರಜೆ! ತೆಂಗಿನ ಮಡಲಿನ ಮಾಡು ಕಟ್ಟಿ, ಅದರಡಿ ಕಾರನ್ನು ಎಳೆದು ಮುಚ್ಚಿಟ್ಟರೆ ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮುಗಿಸಿ, ಇದರ ಮುಂದೆಯೂ ಒಂದು ತೆಂಗಿನಕಾಯಿ ಒಡೆದ ಮೇಲೆಯೇ ಇಳಿಸುವುದು. ಬೈಂದೂರಿನಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ ಆಷಾಢದ ಮುಂಚೆ, ಜಡಿಮಳೆಯಲ್ಲಿ ಬಂತು. ಕಾರು ತೆಗೆಯಿರಿ ಎಂದು ಅಮ್ಮ ತನ್ನ ಅಣ್ಣನಲ್ಲಿ ಎಷ್ಟು ಬೇಡಿಕೊಂಡಳು! "ಮಳಿಗಾಲ್ದಗೆ ಯಾರಾರೂ ಬೋಟ್ ಇಳ್ಸ್ತ್ರಾ? ಎಂತ ಮಾತ್ ನಿಂದ್?" ಎಂದು ಮಾವ ನಮ್ಮೊಂದಿಗೆ ಕೊಡೆ ಹಿಡಿದು ಬಸ್ಸಿನಲ್ಲೇ ಬಂದರು.

ಹೀಗೆ ಎಷ್ಟೋ ವರ್ಷ ಕಳೆಯಿತು. ಹೆದ್ದಾರಿ ಅಗಲವಾಯಿತು, ಸಾಸ್ತಾನದಲ್ಲಿ ಟೋಲ್ ಬಂತು, ಕಾರನ್ನು ಕಂಡು ನಗುತ್ತಿದ್ದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ಅತ್ತೆ ಮಾತ್ರ ಬಸ್ಸು ಬಿಡಲಿಲ್ಲ. ಮಾವ ಪ್ರತಿ ಹಬ್ಬಕ್ಕೂ ಕರೆಯುವುದು, ಅತ್ತೆ ಬುಟ್ಟಿ ತೋರಿಸುವುದು. ನಮಗೆ ತಮಾಷೆ. ಆದರೆ ಪ್ರತಿ ಸಲ ಮಾವ ಆ ಬಾಗಿಲನ್ನು ಮೆಲ್ಲಗೆ ಮುಚ್ಚುವಾಗ ಅವರ ಮುಖ ಚಿಕ್ಕದಾಗುತ್ತಿತ್ತು. 

ಒಂದು ದಿನ ಬಸ್ಸುಗಳ ಮುಷ್ಕರ. ಸೀಟಿಗೆ ಹೊಸ ಮಖಮಲ್ಲು ಹಾಕಿಸಿ ವಾರವಾಗಿತ್ತಷ್ಟೇ. ಮಾವನೂ ನಾನೂ ಕುಂದಾಪುರ ದಾಟುತ್ತಿದ್ದೆವು, ನಾನು ಎಂದಿನಂತೆ ಹಿಂದೆ. ಬಸ್ ನಿಲ್ದಾಣದಲ್ಲಿ ಬೇರೆ ಗಾಡಿಗೆ ಕಾಯುತ್ತ ಬಿಸಿಲಿಗೆ ಅತ್ತೆ ನಿಂತಿದ್ದರು, ಜೊತೆಗೆ ದಿನಾ ಅವರ ಸಂಗಡವೇ ಹೋಗುವ ಇಬ್ಬರು ಹೆಂಗಸರು. ಮೂವರ ಬುಟ್ಟಿಯಲ್ಲೂ ಬಂಗುಡೆ. ಮಾವ ಕಾರು ನಿಲ್ಲಿಸಿದರು. ಹೊಸ ಸೀಟನ್ನು ಒಮ್ಮೆ ಸವರಿದರು. ಕೆಳಗಿಳಿದು ಬಾಗಿಲು ತೆರೆದು, "ಬಾ. ಬುಟ್ಟಿಯೂ ಬರ್ಲಿ" ಎಂದರು.

ನಾನು ಬೆರಗಾದೆ! ಅತ್ತೆ ಅಲುಗಲಿಲ್ಲ.

"ಇನ್ನೆಂತ? ಬುಟ್ಟಿಯೂ ಬರ್ಲಿ ಅಂದೆ ಅಲ್ದಾ?"

ಅತ್ತೆ ದನಿ ತಗ್ಗಿಸಿದರು. "ಬುಟ್ಟಿ ಒಂದ್ ನೆವ ಅಷ್ಟೆ. ಅವತ್ತ್ ಬಸ್ಸಗೆ ನಂಗೊಬ್ಳಿಗೇ ಹಿಂದ್ ಹೋಗ್ ಅಂದದ್ದಾ? ಇವ್ರನ್ನ ಇಲ್ಲೇ ಬಿಟ್ಟ್ ನಾನೊಬ್ಳ್ ಮುಂದಿನ ಸೀಟಗೆ ಕೂಕಂಡ್ ಹೋಪುದ್ ಹ್ಯಾಂಗೆ?"

ಮಾವ ಆ ಇಬ್ಬರನ್ನೂ ಅವರ ಬುಟ್ಟಿಗಳನ್ನೂ ನೋಡಿದರು. ಆಮೇಲೆ, "ಅಷ್ಟೇಯಾ? ಇಷ್ಟ್ ವರ್ಷ ಅದನ್ನ ಬಾಯ್ ಬಿಟ್ಟ್ ಹೇಳುಕಾಗ್ಲಿಲ್ಯಾ ನಿಂಗೆ?" ಎನ್ನುತ್ತ ಹಿಂದಿನ ಬಾಗಿಲನ್ನೂ ತೆರೆದರು. "ಹ್ವಾಯ್, ಹತ್ತಿ ಹತ್ತಿ! ಎಲ್ಲರೂ ಹತ್ತಿ!"

ಹಿಂದೆ ಆ ಇಬ್ಬರು, ನಡುವೆ ನಾನು, ನನ್ನ ತೊಡೆಯ ಮೇಲೆ ಒಂದು ಬುಟ್ಟಿ. ಮೀನಿನ ನೀರು ನನ್ನ ಪ್ಯಾಂಟು ದಾಟಿ ಹೊಸ ಮಖಮಲ್ಲಿಗೆ ಇಳಿಯುತ್ತಿತ್ತು. ಮಾವ ಕನ್ನಡಿಯಲ್ಲಿ ಅದನ್ನು ನೋಡಿದರು, ಗೇರು ಬದಲಿಸಿದರು. ಮುಂದೆ ಅತ್ತೆ ಬೆನ್ನು ನೇರ ಮಾಡಿ, ಬುಟ್ಟಿಯನ್ನು ಮಡಿಲಲ್ಲಿ ಅಪ್ಪಿಕೊಂಡು, ಮೊದಲ ಸಲ ಬಸ್ಸು ಹತ್ತಿದ ಮಗುವಿನ ಹಾಗೆ ರಸ್ತೆಯನ್ನೇ ನೋಡುತ್ತಿದ್ದರು.

ಹೆದ್ದಾರಿ ಖಾಲಿ ಬಿದ್ದಿತ್ತು, ಕಾರು ಮಾತ್ರ ತೆವಳುತ್ತಿತ್ತು. ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿತು. ಸಂತೆಗೆ ಹೊತ್ತಾಗುತ್ತದೆಂದು ನಾನೇ ಬಾಯಿ ಬಿಟ್ಟೆ. "ಸ್ವಲ್ಪ ಜೋರಾಗಿ ಬಿಡಿ ಮಾವ!"

ಮಾವ ತಿರುಗಲಿಲ್ಲ.

"ಎಂತ ಅವಸ್ರ ಮಾರಾಯಾ? ಅವ್ಳ್ ಈಗ ಕೂಕಂಡದ್ದಷ್ಟೆ. ಬ್ರಹ್ಮಾವರ ಇಷ್ಟ್ ಬೇಗ ಬಂದ್ರೆ ಹ್ಯಾಂಗೆ?"