ಲೀಟರಿಗೆ ನಲವತ್ತಮೂರು

ಅಳೆಯುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗಂಜಾಂನಲ್ಲಿ ಅಕ್ಕಸಾಲಿ ಕೆಲಸ ಮಾಡುವವನು ನಾನು. ನನ್ನ ತಕ್ಕಡಿಯ ಎದುರು ಫ್ಯಾನು ಹಾಕುವಂತಿಲ್ಲ, ಗಿರಾಕಿ ಜೋರಾಗಿ ಉಸಿರು ಬಿಡುವಂತಿಲ್ಲ. ಇಂಥವನಿಗೆ ಒಂದು ಕಾರು ಲೀಟರಿಗೆ ಎಷ್ಟು ಓಡುತ್ತದೆ ಎಂದು ಕಂಡುಹಿಡಿಯುವುದು ಯಾವ ಮಹಾ ವಿದ್ಯೆ? ಹಾಗೆಂದುಕೊಂಡೇ ಹೊರಟೆ.

ಕಾರಿನ ಮೇಲೆ ಆರೋಪ ಹೊರಿಸಿದವಳು ನನ್ನ ಹೆಂಡತಿ ಸರೋಜ. ನಮ್ಮದು ಹಳೆಯ ಡೀಸೆಲ್ ಕಾರು. ಅಂಥದೇ ಇನ್ನೊಂದು, ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿ ಅವಳ ತಮ್ಮ ಮಂಜನ ಬಳಿ ಇದೆ. ಅವನದು ಲೀಟರಿಗೆ ಇಪ್ಪತ್ತೆರಡು ಕೊಡುತ್ತದಂತೆ.

"ನಮ್ದು ಹದ್ನೆಂಟಾದ್ರೂ ಕೊಟ್ರೆ ಮನೇಲಿರ್ಲಿ. ಇಲ್ದಿದ್ರೆ ಮಾರ್ಬುಡಿ. ಬಸ್ಸವೆ, ಓಡಾಡಾನ" ಎಂದು ತೀರ್ಪು ಕೊಟ್ಟಳು.

ನನಗೆ ಆ ಕಾರೆಂದರೆ ಪ್ರಾಣ. ದಿನವಿಡೀ ಕುಲುಮೆಯ ಮುಂದೆ ಬಗ್ಗಿ ಕೂರುವವನಿಗೆ ಸಂಜೆ ಬೆನ್ನು ನೆಟ್ಟಗೆ ಮಾಡಿ ಕೂರಲು ಇರುವ ಜಾಗ ಅದೊಂದೇ. ಆದರೂ ತೋರಿಸಿಕೊಳ್ಳಲಿಲ್ಲ. "ಪರೀಕ್ಷೆ ಆಗೋಗ್ಲಿ" ಎಂದೆ.

ಮಾರ್ಗ ನಿಗದಿಯಾಯಿತು. ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಅಲ್ಲಿ ಮಂಜನ ಮನೆಯಲ್ಲಿ ಊಟ, ಮತ್ತೆ ವಾಪಸು. ಹೊರಡುವಾಗ ಟ್ಯಾಂಕನ್ನು ಕಂಠಪೂರ್ತಿ ತುಂಬಿಸುವುದು, ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಕಂಠಪೂರ್ತಿ ತುಂಬಿಸುವುದು. ಎರಡನೆಯ ಸಲ ಎಷ್ಟು ಹಿಡಿಯಿತೋ ಅಷ್ಟು ಖರ್ಚು. ಓಡಿದ ದೂರವನ್ನು ಅದರಿಂದ ಭಾಗಿಸಿದರೆ ಮುಗಿಯಿತು!

ಮೊದಲು ಕಾರಿನ ತೂಕ ಇಳಿಸಿದೆ. ಸ್ಟೆಪ್ನಿ ಟೈರು, ಜಾಕು, ಕಾಲಡಿಯ ಮ್ಯಾಟು ಎಲ್ಲ ಜಗಲಿಗೆ ಬಂದವು. ಆಮೇಲೆ ಶುದ್ಧ ವೈಜ್ಞಾನಿಕ ಉದ್ದೇಶದಿಂದ ಸರೋಜಳನ್ನು "ನೀನೆಷ್ಟು ತೂಕ ಇದ್ದೀಯೆ?" ಎಂದು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ಅನಂತರ ಬಹಳ ಹೊತ್ತು ಯಾವುದಕ್ಕೂ ಉತ್ತರ ಕೊಡಲಿಲ್ಲ.

ಬಾಬುರಾಯನಕೊಪ್ಪಲಿನ ಬಂಕಿನಲ್ಲಿ ಡೀಸೆಲ್ ಹಾಕುವ ಪೈಪು ಟಕ್ಕೆಂದು ನಿಂತಿತು. ಆದರೆ ಡೀಸೆಲ್ ನೊರೆ ಏಳುತ್ತದೆ, ಟ್ಯಾಂಕಿನೊಳಗೆ ಗಾಳಿ ಉಳಿಯುತ್ತದೆ, ಅದನ್ನು ಹೊರಹಾಕಬೇಕು ಎಂಬುದು ನನಗೆ ಗೊತ್ತಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಬಂಕಿನವನು ನಿಂತು ಕಾರನ್ನು ತೊಟ್ಟಿಲಿನಂತೆ ತೂಗಿದೆವು. ಜನ ಸೇರಿದರು.

"ಒಳೀಕ್ಕೆ ಆವು ಸೇರ್ಕಂಡದಾ?" ಎಂದು ಒಬ್ಬ ಕೇಳಿದ. ಇನ್ನೊಬ್ಬ ಕೋಲು ತಂದ. ಒಳಗೆ ಕೂತಿದ್ದ ಸರೋಜ ಸೆರಗಿನಿಂದ ಮುಖ ಮುಚ್ಚಿಕೊಂಡು ತೂಗಾಡುತ್ತಿದ್ದಳು.

ದಾರಿಯಲ್ಲಿ ಎ.ಸಿ. ಹಾಕಲಿಲ್ಲ. ಗಾಜನ್ನೂ ಇಳಿಸಲಿಲ್ಲ, ಇಳಿಸಿದರೆ ಗಾಳಿ ಎಳೆಯುತ್ತದೆ. ಒಳಗೆ ಇಬ್ಬರೂ ಹಬೆಯಲ್ಲಿ ಬೆಂದೆವು. ಚಿನಕುರಳಿ ಹತ್ತಿರ ನಾನು ಎಷ್ಟು ನಿಧಾನವಾಗಿ, ಎಷ್ಟು ಶಾಸ್ತ್ರೋಕ್ತವಾಗಿ ಹೋಗುತ್ತಿದ್ದೆನೆಂದರೆ, ಹಿಂದೆ ಬರುತ್ತಿದ್ದ ಕಲ್ಲಿನ ಟಿಪ್ಪರಿನವನು ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿದ.

"ಗಾಡಿ ಕೆಟ್ಟೋಗದಾ ಯಜಮಾನ್ರೇ? ಅಗ್ಗ ಕಟ್ಟಿ ಎಳೀಲಾ?"

ಒಂದು ಕ್ಷಣ ಆಸೆಯಾಯಿತು. ಎಳೆಸಿಕೊಂಡು ಹೋದರೆ ಮೈಲೇಜು ಚೆನ್ನಾಗಿ ಬರುತ್ತದೆ! ಆದರೆ ಪಕ್ಕದಲ್ಲಿ ಸಾಕ್ಷಿ ಕೂತಿದ್ದಳು.

ಕೆ.ಆರ್. ಪೇಟೆ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಹಿಂದಿನ ಟೈರು ಪಂಕ್ಚರ್ ಆಯಿತು. ನಾನು ಇಳಿದು ಡಿಕ್ಕಿ ತೆರೆದೆ. ಡಿಕ್ಕಿ ಬಹಳ ಸ್ವಚ್ಛವಾಗಿತ್ತು. ಬೆಳಗಿನಿಂದ ಬಾಯಿ ಬಿಡದಿದ್ದ ಸರೋಜ ಆಗ ಮಾತಾಡಿದಳು.

"ಆ ಟೈರು ನನ್ಗಿಂತ ತೂಕ ಇತ್ತಾ?"

ದಾರಿಹೋಕನ ಬೈಕು ಹತ್ತಿ ಪಂಕ್ಚರ್ ಅಂಗಡಿಯವನನ್ನು ಅವನ ಜಾಕಿನ ಸಮೇತ ಕರೆತಂದು, ಮುಂದೆ ಸಾಗಿ ಮಂಜನ ಮನೆ ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಮಂಜ ಮನೆತನದ ಕಮ್ಮಾರಿಕೆ ಬಿಟ್ಟು ಟ್ರಾಕ್ಟರು ಬಾಡಿಗೆಗೆ ಓಡಿಸುತ್ತಾನೆ. ಒಳ್ಳೆಯ ಹುಡುಗ. ನಾವು ಇಳಿಯುವ ಮೊದಲೇ ತೆಂಗಿನಕಾಯಿ ಮೂಟೆ, ಬೆಲ್ಲದ ಪೆಟ್ಟಿಗೆ ತಂದು ಡಿಕ್ಕಿಗೆ ಹಾಕಿದ. ನಾನು ಹೌಹಾರಿ ಎರಡನ್ನೂ ಕೆಳಗಿಳಿಸಿದೆ. ಪರೀಕ್ಷೆಯ ಮಧ್ಯೆ ತೂಕ ಬದಲಾಗಬಾರದು!

"ಅಕ್ಕನ್ನ ಬರಿಗೈಲಿ ಕಳ್ಸಾಕಾಯ್ತದಾ ಬಾವ?" ಎಂದು ಅವನು ಮುಖ ಸಣ್ಣದು ಮಾಡಿದ. ಆಮೇಲೆ ಕಾರನ್ನು ನೆರಳಿಗೆ ನಿಲ್ಲಿಸುತ್ತೇನೆಂದು ಕೀಲಿ ತೆಗೆದುಕೊಂಡು ಹೋದ. ನಾನು ಹೋಳಿಗೆಯ ಮುಂದೆ ಕೂತೆ. ಹೋಳಿಗೆ ತಿಂದರೆ ಚಾಲಕನ ತೂಕ ಬದಲಾಗುತ್ತದೆ ಎಂಬುದು ಐದನೆಯದನ್ನು ನುಂಗಿದ ಮೇಲೆ ಹೊಳೆಯಿತು.

ಸಂಜೆ ಮತ್ತೆ ಅದೇ ಬಂಕು, ಮತ್ತೆ ಅದೇ ತೂಗಾಟ. ಪೈಪು ಮೂರು ಲೀಟರಿಗೆ ನಿಂತಿತು. ಎಷ್ಟು ಅಲ್ಲಾಡಿಸಿದರೂ ಇನ್ನೊಂದು ಹನಿ ಹಿಡಿಯಲಿಲ್ಲ. ಓಡಿದ್ದು ನೂರಮೂವತ್ತು ಕಿಲೋಮೀಟರ್. ಲೀಟರಿಗೆ ನಲವತ್ತಮೂರು!

ಹತ್ತು ಗ್ರಾಂ ಕರಗಿಸಿದವನಿಗೆ ಇಪ್ಪತ್ತೈದು ಗ್ರಾಂ ಸಿಕ್ಕರೆ ಅವನು ಕುಣಿಯಬಾರದು, ಏನೋ ಎಡವಟ್ಟಾಗಿದೆ ಎಂದು ನೋಡಬೇಕು. ನಾನು ಕುಣಿದೆ. "ನಲವತ್ತಮೂರು! ನಲವತ್ತಮೂರು!" ಎಂದು ಬಂಕಿಗೆಲ್ಲ ಕೇಳುವಂತೆ ಕೂಗಿದೆ. ಹಾಲಿನ ಕ್ಯಾನು ಹೇರಿಕೊಂಡು ಬೈಕಿಗೆ ಪೆಟ್ರೋಲ್ ಹಾಕಿಸುತ್ತಿದ್ದ ನಮ್ಮೂರಿನ ನಿಂಗೇಗೌಡರು ಹತ್ತಿರ ಬಂದರು. "ನನ್ ಬೈಕೇ ಅಷ್ಟು ಕೊಡಲ್ವಲ್ಲ ಆಚಾರ್ರೇ!" ಎಂದು ಕಾರಿಗೆ ಒಂದು ಸುತ್ತು ಬಂದು, ಬಾನೆಟ್ಟು ಸವರಿ ಹೋದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕಾರು ಉಳಿಯಿತು!

ಮನೆಗೆ ಬಂದು, ಮಂಜನ ಸೊಕ್ಕು ಮುರಿಯಲೆಂದೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಸರೋಜ ಪಕ್ಕದಲ್ಲೇ ಇದ್ದಳು. ಲೆಕ್ಕ ಕೇಳಿ ಮಂಜ ನಕ್ಕ.

"ಅಯ್ಯೋ ಬಾವ, ನೀವು ಉಣ್ತಾ ಇದ್ದಾಗ ಟ್ರಾಕ್ಟರಿಗೆ ಮಡಗಿದ್ದ ಡೀಸೆಲ್ಲ ಒಂದೈದು ಲೀಟ್ರು ಉಯ್ದಿದ್ದೆ. ಕಾಯಿ, ಬೆಲ್ಲ ಬ್ಯಾಡ ಅಂದ್ಬುಟ್ರಲ್ಲ. ಅಕ್ಕಂಗೆ ಏನಾರಾ ಕೊಡ್ಬೇಕಲ್ವಾ?"

ಮೂರಕ್ಕೆ ಐದು ಸೇರಿತು, ನಲವತ್ತಮೂರು ಹದಿನಾರಾಯಿತು. ಸರೋಜ ನನ್ನ ಮುಖ ನೋಡಿದಳು. ನಾನು ವೃತ್ತಿಯ ಗಾಂಭೀರ್ಯ ತಂದುಕೊಂಡೆ.

"ನೋಡು, ವೇಸ್ಟೇಜ್ ಅಂತ ಒಂದಿರ್ತದೆ. ಕುರಿಮಂದೆ ಅಡ್ಡ ಬಂದಿದ್ದು, ರೋಡು ಹಂಪು, ಡೀಸೆಲ್ಲಿನ ನೊರೆ, ಎಲ್ಲಾ ಕಳುದ್ರೆ ಹದ್ನೆಂಟು ದಾಟ್ತದೆ."

"ಅದ್ನ ಅಂಗ್ಡೀಲಿ ಗಿರಾಕಿಗೆ ಏಳಿ. ನಾನು ನಿಮ್ಮ ಎಂಡ್ರು" ಎಂದು ಅವಳು ಎದ್ದು ಹೋದಳು.

ಆದರೂ ನನಗೊಂದು ಧೈರ್ಯವಿತ್ತು. ಹದಿನಾರು ಕೊಡುವ ಹಳೆಯ ಕಾರನ್ನು ಕೊಳ್ಳುವವರು ಯಾರು?

ಬೆಳಗಾಗುತ್ತಲೇ ನಿಂಗೇಗೌಡರು ಬಾಗಿಲಲ್ಲಿದ್ದರು. "ಕಾರು ನಂಗೇ ಬೇಕು" ಎಂದರು. ಅವರನ್ನು ಓಡಿಸಲು ಸುಲಭದ ದಾರಿ ಸತ್ಯ.

"ಗೌಡ್ರೇ, ಅದು ಲೆಕ್ಕ ತಪ್ಪು. ನಿಜವಾಗ್ಲೂ ಕೊಡಾದು ಹದ್ನಾರೇ!"

ಗೌಡರು ಮೀಸೆಯಲ್ಲೇ ನಕ್ಕರು. ಸರೋಜಳೂ ಒಳಗಿನಿಂದ ಬಂದು "ಹದ್ನಾರೇ ಕಣ್ರಪ್ಪ" ಎಂದಳು.

"ನೀವೂ ಸೇರ್ಕಂಡ್ರಾ ತಾಯಿ? ಕೊಡಾಕೆ ಇಷ್ಟ ಇಲ್ಲ, ಅದ್ಕೇ ಇಂಗಂತೀರಿ. ಅಕ್ಕಸಾಲಿ ಬಾಯಲ್ಲಿ ಕಮ್ಮಿ ತೂಕ ಬಂತು ಅಂದ್ರೆ ಮಾಲು ಅಪ್ಪಟ ಅಂತ್ಲೇ ಅರ್ಥ!"

ನಾನು ನಿಮಿಷಾಂಬಾ ದೇವಿಯ ಮೇಲೆ ಆಣೆ ಇಟ್ಟೆ. ಅವರಿಗೆ ಆಸೆ ಇನ್ನೂ ಜಾಸ್ತಿಯಾಯಿತು. ಸರೋಜ ಕೀಲಿ ತಂದು ಅವರ ಕೈಗಿಟ್ಟಳು.

ಇಷ್ಟು ವರ್ಷದ ಕಸುಬಿನಲ್ಲಿ ಗಿರಾಕಿಯೊಬ್ಬನಿಗೆ ನಾನು ಪೂರ್ತಿ ನಿಜ ಹೇಳಿದ್ದು ಅದೇ ಮೊದಲು. ಹೇಳಿದ ಕೂಡಲೇ ವ್ಯಾಪಾರ ಕುದುರಿಬಿಟ್ಟಿತು!