ಕೆರೆಯ ಮೇಲೆ ನನ್ನ ವೇಗ ಪ್ರದರ್ಶನ

ವೇಗಕ್ಕೂ ಅಪಾಯಕ್ಕೂ ಯಾವ ಸಂಬಂಧವೂ ಇಲ್ಲವೆಂದು ಲೋಕಕ್ಕೆ ತೋರಿಸಿಕೊಡಲು ನಾನು ಟೊಂಕ ಕಟ್ಟಿ ನಿಂತೆ. ಲೋಕವೆಂದರೆ ನಮ್ಮ ಕೆರೆಯ ಸುತ್ತಲಿನ ಮನೆಗಳವರು. ಮಹಾಕಾರ್ಯಗಳೆಲ್ಲ ಅಕ್ಕಪಕ್ಕದವರಿಂದಲೇ ಶುರುವಾಗಬೇಕಷ್ಟೆ!

ನಮ್ಮ ಕೆರೆ ದೊಡ್ಡದು. ಅದರಲ್ಲಿ ಈಜುವವರಿದ್ದಾರೆ, ಹುಟ್ಟು ಹಾಕುವವರಿದ್ದಾರೆ, ಗಾಳ ಬಿಟ್ಟು ಮನೆಮಠ ಮರೆತು ಕೂರುವವರಿದ್ದಾರೆ. ಇವರ ನಡುವೆ ನಾವು ಕೆಲವರು ಮೋಟಾರು ಬೋಟಿನ ಶೂರರು. ಬೋಟುಗಳಿಗೆ ವೇಗದ ಮಿತಿ ಹಾಕಬೇಕೋ ಬೇಡವೋ ಎಂದು ನಿವಾಸಿಗಳ ಸಂಘದಲ್ಲಿ ಜಟಾಪಟಿ ಶುರುವಾಗಿ, ಕೊನೆಗೆ ಭಾನುವಾರ ಬೆಳಗ್ಗೆ ಮತಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಬೋಟಿನವರ ಪರ ವಾದಿಸಲು ನನ್ನನ್ನು ಆರಿಸಿದರು. ಎದುರು ಪಕ್ಷದವರು ಆರಿಸಿದ್ದು ನನ್ನ ಹೆಂಡತಿಯನ್ನು. ಹೀಗಾಗಿ ಸಂಘದ ಸಭೆ ವಾರಕ್ಕೊಮ್ಮೆ ನಡೆದರೆ ನಮ್ಮ ಅಡುಗೆಮನೆಯಲ್ಲಿ ಮೂರು ಹೊತ್ತೂ ನಡೆಯತೊಡಗಿತು.

"ಅಮ್ಮನ ಮಂಡಿನೋವಿಗೆ ನೀರಲ್ಲಿ ನಡೆಯೋದೊಂದೇ ಆಗಿಬರೋದು. ಈಗ ನೀರಿಗೆ ಇಳಿಯೋಕೇ ಹೆದರ್ತಾಳೆ. ನಿಮ್ಮ ಬೋಟು ಎಬ್ಬಿಸೋ ಅಲೆ ಅವಳನ್ನ ನಿಲ್ಲೋಕೇ ಬಿಡಲ್ಲ," ಎಂದಳು ಅವಳು, ಪಾತ್ರೆ ಒರೆಸುತ್ತ.

"ನಾನು ದಡದ ಹತ್ತಿರಕ್ಕೇ ಬರಲ್ಲ ಕಣೇ. ದೂರದಲ್ಲಿ ಹೋಗ್ತೀನಿ."

"ನೀವು ದೂರ ಹೋಗ್ತೀರಿ. ನಿಮ್ಮ ಅಲೆ ಮನೆಗೆ ಬರುತ್ತೆ."

"ಎಂಥ ಅಲೆ? ಇಷ್ಟು ದಿನ ಓಡಿಸಿದೀನಿ, ನನಗಂತೂ ಒಂದು ಅಲೆನೂ ಕಂಡಿಲ್ಲ."

"ತಿರುಗಿ ನೋಡಿದ್ರೆ ತಾನೆ ಕಾಣೋದು?"

ಮೂಲೆಯ ಕುರ್ಚಿಯಲ್ಲಿ ಮಂಡಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದ ಅತ್ತೆ ನಡುವೆ ಬಾಯಿ ಹಾಕಿದರು. "ಹೋಗ್ಲಿ ಬಿಡೆ. ಅಳಿಯಂದಿರಿಗೆ ಇರೋದು ಅದೊಂದೇ ಖುಷಿ. ನಾನು ಬಕೆಟ್ಟಲ್ಲಿ ಕಾಲು ಇಟ್ಕೊಂಡು ಕೂತ್ಕೋತೀನಿ."

ನನಗೆ ಚುರುಕ್ಕೆಂದಿತು. ಸುಳ್ಳು ಹೇಳಲಾರೆ, ನಿಜವಾಗಿಯೂ ಚುರುಕ್ಕೆಂದಿತು. ಆದರೆ ಅಷ್ಟಕ್ಕೇ ಕರಗಿಬಿಟ್ಟರೆ ನನ್ನನ್ನು ನಂಬಿದ ಬೋಟಿನವರ ಗತಿಯೇನು? ಆದ್ದರಿಂದ ಒಂದು ಉಪಾಯ ಹೂಡಿದೆ. ಭಾಷಣ ಬೇಡ, ಪ್ರದರ್ಶನ ಕೊಡುತ್ತೇನೆ. ಸಭೆ ನಮ್ಮ ಮನೆ ಮುಂದೆ ದೋಣಿ ಕಟ್ಟುವ ತೇಲುವ ಹಲಗೆಕಟ್ಟೆಯ, ಅಂದರೆ ಜೆಟ್ಟಿಯ ಮೇಲೆ ನಡೆಯಲಿ. ಎಲ್ಲರೂ ಕುರ್ಚಿ ಹಾಕಿಕೊಂಡು ಕೂರಲಿ. ನಾನು ಅವರ ಕಣ್ಣೆದುರೇ ಪೂರಾ ವೇಗದಲ್ಲಿ ಹಾದುಹೋಗುತ್ತೇನೆ. ಒಬ್ಬರ ಕೂದಲೂ ಕೊಂಕುವುದಿಲ್ಲ.

ಭಾನುವಾರ ಬಂತು. ಪ್ರದರ್ಶನಕ್ಕೆ ಹೊರಟ ನನಗೆ ಲೈಫ್ ಜಾಕೆಟ್ ತೊಡಿಸಿ ಪಟ್ಟಿ ಬಿಗಿದವಳು ಇದೇ ಎದುರು ಪಕ್ಷದ ನಾಯಕಿ. ಅಷ್ಟು ಸಾಲದೆಂದು, ಎಂಜಿನ್ನಿನ ಸ್ವಿಚ್ಚಿಗೆ ಸಿಕ್ಕಿಸುವ ಕೆಂಪು ದಾರದ ಇನ್ನೊಂದು ತುದಿಯನ್ನು ನನ್ನ ಬಲಗೈ ಮಣಿಕಟ್ಟಿಗೆ ಹಾಕಿದಳು. ಓಡಿಸುವವನು ಆಯತಪ್ಪಿ ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಎಂಜಿನ್ ತಾನಾಗಿ ನಿಲ್ಲಲಿ ಎಂದು ಇರುವ ಏರ್ಪಾಡು. ನಾನು ಅದನ್ನು ಬಳಸಿದವನೇ ಅಲ್ಲ.

"ನೀನು ಎದುರು ಪಕ್ಷದವಳು. ನನಗ್ಯಾಕೆ ಇಷ್ಟೆಲ್ಲ ಉಪಚಾರ?"

"ನಿಮ್ಮನ್ನ ಸೋಲಿಸ್ಬೇಕು ಅಂದ್ರೆ ನೀವು ವಾಪಸ್ ಬರ್ಬೇಕಲ್ಲ. ಈಜು ಬೇರೆ ಬರಲ್ಲ ನಿಮಗೆ."

ಕೆರೆಯ ಆಚೆ ತುದಿಗೆ ಹೋಗಿ ಬೋಟು ತಿರುಗಿಸಿದೆ. ಎಂಜಿನ್ ಗರ್ಜಿಸಿತು, ಮೂತಿ ಮೇಲೆದ್ದಿತು, ಗಾಳಿಗೆ ನನ್ನ ಉಳಿದಿರುವ ಕೂದಲೆಲ್ಲ ನೆಟ್ಟಗೆ ನಿಂತವು. ಜೆಟ್ಟಿ ಹತ್ತಿರವಾಯಿತು. ಮುಂದಿನ ಸಾಲಿನಲ್ಲಿ ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು, ಪಕ್ಕದಲ್ಲಿ ಅತ್ತೆ, ಹಿಂದೆ ನನ್ನ ಅಭಿಮಾನಿಗಳು. ಇಷ್ಟು ಜನ ನೋಡುತ್ತಿರುವಾಗ ಸುಮ್ಮನೆ ಹಾದುಹೋಗಲು ನಾನೇನು ಮಾಮೂಲಿ ಮನುಷ್ಯನೇ? ಎದೆ ಸೆಟೆಸಿ, ರಾಜಗಾಂಭೀರ್ಯದಿಂದ ಬಲಗೈ ಎತ್ತಿ ಸಭೆಗೆ ಒಂದು ಸಲಾಮು ಹೊಡೆದೆ.

ಕೈ ಮೇಲೆ ಹೋಯಿತು. ಕೈಯೊಂದಿಗೆ ದಾರವೂ ಹೋಯಿತು. ಎಂಜಿನ್ ಗಪ್‌ಚಿಪ್.

ಬೋಟು ಮೂತಿ ಇಳಿಸಿ ಗಕ್ಕನೆ ನಿಂತಿತು. ಎಲ್ಲವೂ ಎಷ್ಟು ಶಾಂತವಾಗಿತ್ತೆಂದರೆ ದಡದಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ಆಗ, ಬೋಟು ಕೊಂಡ ಮೇಲೆ ಮೊದಲ ಬಾರಿಗೆ, ನಾನು ತಿರುಗಿ ನೋಡಿದೆ. ನನ್ನದೇ ಅಲೆ, ನಾನು ಎಬ್ಬಿಸಿದ್ದೇ, ಸೊಂಟದೆತ್ತರಕ್ಕೆ ಎದ್ದು ಹಿಂದಿನಿಂದ ಬರುತ್ತಿತ್ತು. ನಾನು ನಿಂತಿದ್ದೆ, ಅದು ನಿಂತಿರಲಿಲ್ಲ. ಬೋಟಿನ ಬೆನ್ನು ಹತ್ತಿ ಒಳಗೆ ಬಂದು, ನನ್ನನ್ನು ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ, ಮಿಕ್ಕದ್ದು ಸೀದಾ ಜೆಟ್ಟಿಯ ಕಡೆಗೆ ಹೊರಟಿತು. ಅಲ್ಲಿ ಅತ್ತೆ ಕೂತಿದ್ದರು.

ಆದರೆ ಎಲ್ಲರೂ ಬೋಟನ್ನು ನೋಡುತ್ತಿದ್ದಾಗ ನನ್ನ ಹೆಂಡತಿಯೊಬ್ಬಳು ಬೋಟಿನ ಹಿಂದಿನ ನೀರನ್ನು ನೋಡುತ್ತಿದ್ದಳು. ಅಲೆ ಜೆಟ್ಟಿ ಮುಟ್ಟುವ ಮೊದಲೇ "ಎಲ್ಲರೂ ದಡಕ್ಕೆ ಬನ್ನಿ" ಎಂದು ಕೂಗಿ, ಅತ್ತೆಯನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿಬಿಟ್ಟಿದ್ದಳು. ಅಧ್ಯಕ್ಷರು ಚಪ್ಪಲಿ ಬಿಟ್ಟು ಓಡಿದರು. ಜೆಟ್ಟಿ ಒಂದು ಬದಿಗೆ ಎದ್ದು ಇನ್ನೊಂದು ಬದಿಗೆ ಮಲಗಿತು. ಕುರ್ಚಿಗಳು ಸಾಲಾಗಿ ನೀರಿಗಿಳಿದವು. ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ, ಅಂಥ ಹೆಂಗಸು ನನ್ನ ಹೆಂಡತಿ ಎಂದು ಆ ನಡುನೀರಿನಲ್ಲೂ ನನಗೆ ಹೆಮ್ಮೆಯಾಯಿತು.

ಬೋಟಿನ ಶೂರರು ಒಬ್ಬರೂ ಅಲುಗಲಿಲ್ಲ. ತನ್ನ ಪುಟ್ಟ ದೋಣಿ ಬಿಚ್ಚಿ ಬಂದವಳೂ ಅವಳೇ. ನನ್ನ ಬೋಟಿನ ಮೂತಿಗೆ ಹಗ್ಗ ಕಟ್ಟಿದಳು.

"ಎಲ್ಲಾದ್ರೂ ಪೆಟ್ಟಾಯ್ತಾ?"

"ಇಲ್ಲ. ಎಲ್ಲ ಆ ಹಾಳು ದಾರದಿಂದ. ಅದಿಲ್ದಿದ್ರೆ..."

"ಅದಿಲ್ದಿದ್ರೆ ಅಲೆಗೆ ಹೆದರಿ ಓಡೋ ಜನ ಕಾಣ್ತಾನೇ ಇರ್ಲಿಲ್ಲ. ಸಲಾಮು ಹೊಡ್ಕೊಂಡು ಆಚೆ ಹೋಗಿರ್ತಿದ್ರಿ."

ಅವಳು ಹುಟ್ಟು ಹಾಕತೊಡಗಿದಳು. ಹುಟ್ಟು ಹಾಕುವವರು ಹಿಂದಕ್ಕೆ ಮುಖ ಮಾಡಿ ಕೂರುತ್ತಾರೆ. ಅಂದರೆ ದಡ ಮುಟ್ಟುವವರೆಗೂ ಅವಳ ಕಣ್ಣೆದುರು ನಾನೊಬ್ಬನೇ. ಬೋಟಿನ ತುಂಬ ನೀರು, ದೋಣಿ ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. ದಡದ ಮೇಲೆ ಇಡೀ ಲೋಕ ಸಾಲುಗಟ್ಟಿ ನಿಂತಿತ್ತು.

"ಸ್ವಲ್ಪ ಬೇಗ ಹೋಗೇ," ಎಂದು ಪಿಸುಗುಟ್ಟಿದೆ, "ಎಲ್ಲರೂ ನೋಡ್ತಿದಾರೆ."

"ನೋಡ್ಲಿ ಬಿಡಿ. ಪ್ರದರ್ಶನಕ್ಕೆ ಕರೆದಿದ್ದು ನೀವೇ ಅಲ್ವಾ?"

ಸಭೆ ಮತ್ತೆ ಸೇರಿತು, ಈ ಸಲ ಗಟ್ಟಿ ನೆಲದ ಮೇಲೆ, ನಿಂತುಕೊಂಡೇ. ಮಿತಿ ಬೇಕೇ ಬೇಡವೇ ಎಂದು ಯಾರೂ ಕೇಳಲಿಲ್ಲ. ಎಷ್ಟು ವೇಗ ಇರಬೇಕು ಎಂಬಲ್ಲಿಗೇ ಮಾತು ಬಂತು. ಒಬ್ಬೊಬ್ಬರು ಒಂದೊಂದು ಹೇಳಿದಾಗ ಬರಿಗಾಲಿನ ಅಧ್ಯಕ್ಷರು ಅತ್ತೆಯ ಕಡೆ ತಿರುಗಿದರು. "ನೀರಿಗೆ ಇಳಿಯೋರು ನೀವು. ನೀವೇ ಹೇಳಿಬಿಡಿ ಅಮ್ಮಾ."

ಅತ್ತೆ ಯೋಚಿಸಿದರು. "ನನಗೆ ಲೆಕ್ಕ ಎಲ್ಲ ಗೊತ್ತಾಗಲ್ಲಪ್ಪ. ಈಗ ನಮ್ಮ ಹುಡುಗಿ ಅಳಿಯಂದಿರನ್ನ ಎಳ್ಕೊಂಡು ಬಂದಳಲ್ಲ, ಅಷ್ಟಿದ್ರೆ ಸಾಕು."

ನಗು ನಿಲ್ಲಲು ತುಂಬ ಹೊತ್ತು ಹಿಡಿಯಿತು. "ಬೋಟಿನವರ ಕಡೆಯಿಂದ ಏನಾದರೂ ವಿರೋಧ ಇದೆಯಾ?" ಎಂದು ಅಧ್ಯಕ್ಷರು ನನ್ನನ್ನೇ ಕೇಳಿದರು.

ನಾನು ಬಾಯಿ ತೆರೆದೆ. ಹಲ್ಲುಗಳು ಕಟಕಟ ಎಂದವೇ ಹೊರತು ಮಾತು ಹೊರಡಲಿಲ್ಲ.

"ಅವರಿಗೆ ಪೂರ್ತಿ ಒಪ್ಪಿಗೆ ಇದೆ ಡಾಕ್ಟ್ರೇ," ಎಂದಳು ನನ್ನವಳು, ಟವೆಲಿನಿಂದ ನನ್ನ ತಲೆ ಒರೆಸುತ್ತ. "ಚಳಿಗೆ ಹೇಳೋಕಾಗ್ತಿಲ್ಲ, ಅಷ್ಟೇ."