ತಾಲೂಕಿನ ಅಪರಾಧ ಪ್ರಮಾಣಕ್ಕೆ ನನ್ನ ಸೋದರಮಾವನ ಕೊಡುಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಅಪರಾಧಗಳ ಸಂಖ್ಯೆ ಏರಿತೆಂದು ನೀವು ಯಾವುದಾದರೂ ವರ್ಷ ಪತ್ರಿಕೆಯಲ್ಲಿ ಓದಿದರೆ, ದಯವಿಟ್ಟು ಕಳ್ಳರನ್ನು ದೂಷಿಸಬೇಡಿ. ಅವರು ಪಾಪ, ಎಂದಿನಂತೆ ತಮ್ಮಷ್ಟಕ್ಕೆ ತಾವು ಇರುತ್ತಾರೆ. ಆ ಸಂಖ್ಯೆಯನ್ನು ಏರಿಸಲು ಇಲ್ಲಿ ಒಬ್ಬರೇ ಪ್ರಾಮಾಣಿಕವಾಗಿ ದುಡಿಯುತ್ತಿದ್ದಾರೆ. ಅವರು ನನ್ನ ಸೋದರಮಾವ!

ಹಾಗೆಂದು ಮಾವ ಅಪರಾಧಿಯೆಂದು ತಿಳಿಯಬಾರದು. ಪಕ್ಕದ ಹಿತ್ತಲಿನ ಮಾವಿನಹಣ್ಣು ತಮ್ಮ ಅಂಗಳಕ್ಕೆ ಉರುಳಿ ಬಂದರೆ ಅದನ್ನು ಕಾಲಿನಿಂದಲ್ಲ, ಕೈಯಿಂದ ಮರಳಿ ಉರುಳಿಸುವ ಸ್ವಭಾವ ಅವರದು. ಅವರು ದೂರುದಾರರು. ಕಳೆದುಹೋದ ಚೊಂಬು, ಬೇಲಿ ದಾಟಿದ ಬಾಳೆಗೊನೆ, ಬಸ್ಸಿನಲ್ಲಿ ಅದಲುಬದಲಾದ ಕೊಡೆ, ಯಾವುದೇ ಆಗಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಠಾಣೆಯ ಮೆಟ್ಟಿಲು ಹತ್ತುತ್ತಾರೆ.

ಈ ನಿಷ್ಠೆಯ ಮೂಲ ಅವರ ವೃತ್ತಿಯಲ್ಲಿದೆ. ಮಾವ ಬಹುಕಾಲ ಕುಂದಾಪುರದ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದರು. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆದು, ಸೀಟಿ ಊದಿ ಕಳಿಸುವ ಕೆಲಸ. ಒಮ್ಮೆ ಅವರು ಚಹಾ ಕುಡಿಯಲು ಹೋದಾಗ ಬೈಂದೂರಿನ ಬಸ್ಸೊಂದು ಬಂದು ನಿಂತುಬಿಟ್ಟಿತು. ಮರಳಿ ಬಂದ ಮಾವ ಎದುರಿಗೇ ಹಾರನ್ ಹಾಕುತ್ತಿದ್ದ ಡ್ರೈವರನಿಗೆ ಹೇಳಿದರಂತೆ: "ಬರೀಲಿಲ್ಲ ಅಂದ್ರೆ ನೀ ಬರ್ಲೇ ಇಲ್ಲ ಮಾರಾಯ. ಸರ್ಕಲ್ಲಿಗ್ ಹೋಯಿ ಮತ್ತೊಂದ್ಸಲ ಬಾ." ಬಸ್ಸು ಹೋಗಿ ಮತ್ತೊಮ್ಮೆ ಬಂದಿತು. ಪ್ರಯಾಣಿಕರ ಸಮೇತ.

ನಿವೃತ್ತರಾದ ಮೇಲೆ ಬಸ್ಸುಗಳ ಸ್ಥಾನದಲ್ಲಿ ಅಪರಾಧಗಳು ಬಂದವು. ತರ್ಕ ಬದಲಾಗಲಿಲ್ಲ.

ನಮ್ಮೂರು ಕೋಟದ ದೇವಸ್ಥಾನವೊಂದರಲ್ಲಿ ಅವರ ಚಪ್ಪಲಿ ಕಾಣೆಯಾದ ದಿನದ ಕಥೆಯನ್ನೇ ನೋಡಿ. ನೇರ ಠಾಣೆಗೆ ಹೋದರು. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಘಟ್ಟದ ಮೇಲಿನವರು, ಸಹನೆಯ ಮೂರ್ತಿ. ಚಪ್ಪಲಿಯ ಗುರುತು ಕೇಳಿದರು. ಮಾವ ವರ್ಣಿಸಿದರು. ಬಳಿಕ ಅವರು ಮಾವನ ಪಾದಗಳನ್ನೇ ನೋಡುತ್ತ ಕೇಳಿದರು: "ಮತ್ತೆ ಇದ್ಯಾವುದು ಯಜಮಾನ್ರೇ, ಕಾಲಲ್ಲಿರೋದು?"

"ಇದ್ ಯಾರದ್ದೋ. ಬಿಸ್ಲಿಗೆ ನಡಿಯೂಕೆ ಆಯ್ಲಿಲ್ಲ, ಹಾಯ್ಕಂಡ್ ಬಂದೆ. ಇದನ್ನೂ ಬರ್ಕಣಿ. ಆರೋಪಿ ನಾನೇ."

"ಮನೆಗೆ ಹೋಗಿ ಯಜಮಾನ್ರೇ, ಊಟದ ಹೊತ್ತಾಯ್ತು."

ಇದು ಪ್ರತಿ ಭೇಟಿಯ ಮಂಗಳಾರತಿ. ಮಾವ ಏನೇ ಹೇಳಲಿ, ಠಾಣೆಯವರು ಕೊನೆಗೆ ಅತ್ಯಂತ ವಿನಯದಿಂದ ಮನೆಗೆ ಹೋಗುವಂತೆ ಬೇಡಿಕೊಳ್ಳುತ್ತಾರೆ. ಒಂದು ಚಿಪ್ಪು ಬಾಳೆಹಣ್ಣಾದರೂ ಕೊಟ್ಟು ಅವರ ಮನಸ್ಸು ಗೆಲ್ಲಬಾರದೇ ಎಂದು ನಾನೊಮ್ಮೆ ತಮಾಷೆ ಮಾಡಿದ್ದೆ. "ಅದ್ ಲಂಚ ಆತ್ತ್. ಮತ್ತೆ ಅದಕ್ಕೊಂದ್ ಬೇರೆ ಕಂಪ್ಲೇಂಟ್ ಕೊಡ್ಕ್" ಎಂದರು.

ಇಂಥವರ ಸೋದರ ಸೊಸೆಯಾದ ನಾನು ಕಾಲೇಜಿನ ಚರ್ಚಾಕೂಟಗಳಲ್ಲಿ ಬೆಳೆದವಳು. ಸಮಾಜ ಸುಧಾರಣೆಯಾಗಲೇಬೇಕು, ಅದೂ ಅಂಕಿ ಅಂಶಗಳ ಸಹಿತ ಆಗಬೇಕು ಎಂದು ಈಗಲೂ ನಂಬಿರುವವಳು. ಬೈಂದೂರಿನ ಸಮೀಪ ಯಡ್ತರೆಯ ಸಭೆಯೊಂದರಲ್ಲಿ "ನಮ್ಮ ನಾಡಿನ ಶಾಂತಿ" ಎಂಬ ವಿಷಯ ಮಂಡಿಸಿದೆ. ಲಕ್ಷ ಜನರಿಗೆ ಎಷ್ಟು ಅಪರಾಧ ಎಂಬ ಅಳತೆಗೋಲನ್ನು ವಿವರಿಸಿದೆ. ದೇಶದ ಸರಾಸರಿಯ ಪಕ್ಕದಲ್ಲಿ ನಮ್ಮ ಕರಾವಳಿಯನ್ನು ನಿಲ್ಲಿಸಿದೆ. ನಮ್ಮೂರು ಎಷ್ಟು ನೆಮ್ಮದಿಯ ತಾಣವೆಂಬುದನ್ನು ನಿರೂಪಿಸಿ ಚಪ್ಪಾಳೆಗಾಗಿ ಅರೆಕ್ಷಣ ತಡೆದೆ. ಆ ಅರೆಕ್ಷಣದಲ್ಲಿ ಮುಂದಿನ ಸಾಲಿನಿಂದ ಮಾವ ಎದ್ದರು.

"ಹೆಣೆ, ಲಾಯ್ಕ್ ಮಾತಾಡ್ದೆ. ಒಂದ್ ಪ್ರಶ್ನೆ ಇತ್ತ್." ಹೊಗಳಿಕೆ ನನಗೆ. ಪ್ರಶ್ನೆಯನ್ನು ಮಾತ್ರ ಸಭೆಯ ಕಡೆ ತಿರುಗಿ ಕೇಳಿದರು: "ಹ್ವಾಯ್, ಎಂತಾರೂ ಕಳ್ಕಂಡೋರ್ ಇದ್ರೆ ಕೈ ಎತ್ತಿ ಕಾಂಬ."

ಸಭೆಗೆ ಸಭೆಯೇ ಕೈ ಎತ್ತಿತು.

"ಠಾಣಿಗ್ ಹೋದೋರ್ ಮಾತ್ರ ಎತ್ತಿ."

ಒಂದೇ ಕೈ ಉಳಿಯಿತು. ಅದು ಮಾವನದು.

ಮೀನು ವ್ಯಾಪಾರದ ಹೆಂಗಸೊಬ್ಬರು ಹಿಂದಿನಿಂದ ನುಡಿದರು: "ನನ್ ಬುಟ್ಟಿ ಹೋದಾಗ್ ನಾ ಹಾಯ್ಗುಳಿ ದೈವಕ್ಕೆ ಹೇಳ್ಕಂಡೆ. ಪೊಲೀಸ್ರಿಗೆ ಎಂತಕ್ ಹೇಳುದ್?"

ನೋಡಿ, ನಮ್ಮ ಸಮಸ್ಯೆಯೇ ಇದು. ಹಾಯ್ಗುಳಿಯ ಸನ್ನಿಧಿಯಲ್ಲಿ ದಾಖಲಾದ ಪ್ರಕರಣಗಳು ರಾಷ್ಟ್ರೀಯ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಚರ್ಚಾಪಟುವಾದ ನಾನು ಸುಮ್ಮನಿರುವೆನೇ? ದೇವರಿಗೆ ಹೇಳಿಕೊಳ್ಳುವವರು ದೇಶದ ಎಲ್ಲೆಡೆಯೂ ಇದ್ದಾರೆ, ಆದ್ದರಿಂದ ಹೋಲಿಕೆ ನ್ಯಾಯವಾಗಿಯೇ ಇದೆ ಎಂದು ಪ್ರತಿವಾದ ಹೂಡಿದೆ. ಅದು ಸಮರ್ಥ ವಾದವೆಂದೇ ನನ್ನ ಇಂದಿನ ಅಭಿಪ್ರಾಯ ಕೂಡ. ಮಾವ ಒಂದೇ ಮಾತಿನಲ್ಲಿ ಮುಗಿಸಿದರು: "ಎಲ್ಲಾ ಕಡೆ ಇತ್ತ್ ಮಗಾ. ಆರೆ ನಮ್ ಹಾಯ್ಗುಳಿ ಹತ್ರ ರಷ್ಷ್ ಜಾಸ್ತಿ." ನಾನು ಕಾಯುತ್ತಿದ್ದ ಚಪ್ಪಾಳೆ ಅವರಿಗೆ ಬಿತ್ತು.

ಈ ಎಲ್ಲದರಿಂದ ಅತಿ ಹೆಚ್ಚು ನೊಂದವರು ನನ್ನ ಅಮ್ಮ, ಅಂದರೆ ಮಾವನ ಏಕೈಕ ತಂಗಿ. ಕೋಟದಲ್ಲಿ ನಾನೂ ಅಮ್ಮನೂ ಇರುವ ಮನೆಗೆ ನಾಲ್ಕು ಹೆಜ್ಜೆ ಆಚೆ ಮಾವನ ಮನೆ. ಅಮ್ಮ ಅಂಗನವಾಡಿ ಟೀಚರ್ ಆಗಿದ್ದವರು. ಊರಿನ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಅಕ್ಷರ ತಿದ್ದಿದವರು. ಅಂಥವರ ಅಣ್ಣ ವಾರವಾರ ಠಾಣೆ ಹತ್ತುವುದೆಂದರೇನು?

"ನಮ್ಮನಿ ಮರ್ಯಾದಿ ಪೂರಾ ಆ ಮೆಟ್ಲ್ ಮೇಲೆ ಇಟ್ಟ್ ಬಂದ್ಯಲ್ಲ ಅಣ್ಣಾ."

"ಅಲ್ಲೇ ಇರ್ಲಿ. ಪೊಲೀಸ್ರ್ ಕಾಯ್ತ್ರ್, ಯಾರೂ ಕದಿಯುದಿಲ್ಲ."

ಕಳೆದ ಮಳೆಗಾಲ ಮುಗಿದ ಮೇಲಿನ ಒಂದು ಮಧ್ಯಾಹ್ನ ನಾನು ಬ್ರಹ್ಮಾವರದಲ್ಲಿ ಭಾಷಣ ಮಾಡುತ್ತಿದ್ದೆ. ಮನೆಯಲ್ಲಿ ನಡೆದುದನ್ನು ಅಮ್ಮ ಮತ್ತು ಮಾವ ಆಮೇಲೆ ಹೇಳಿದಂತೆ ಬರೆಯುತ್ತೇನೆ.

ಅಮ್ಮನ ಮೊಬೈಲಿಗೆ ವಿಡಿಯೊ ಕರೆ ಬಂತು. ತೆರೆಯ ಮೇಲೆ ಖಾಕಿ ತೊಟ್ಟವನೊಬ್ಬ. ಮುಂಬಯಿಯಲ್ಲಿ ಅಮ್ಮನ ಹೆಸರಿನ ಪಾರ್ಸೆಲ್ ಸಿಕ್ಕಿದೆ, ಅದರಲ್ಲಿ ಮಾದಕವಸ್ತು ಇದೆ, ಅಮ್ಮ ಈಗ "ಡಿಜಿಟಲ್ ಅರೆಸ್ಟ್" ಆಗಿದ್ದಾರೆ ಎಂದ. ಕುರ್ಚಿಯಿಂದ ಏಳಬಾರದು, ಯಾರೊಂದಿಗೂ ಮಾತನಾಡಬಾರದು, ಬ್ಯಾಂಕ್ ಖಾತೆಯ ವಿವರವನ್ನೆಲ್ಲ ಒಪ್ಪಿಸಬೇಕು. ದೇಶದಾದ್ಯಂತ ನಡೆಯುತ್ತಿರುವ ವಂಚನೆ ನಮ್ಮ ಅಡುಗೆಮನೆಗೂ ತಲುಪಿತ್ತು. ರಾಷ್ಟ್ರೀಯ ಪ್ರವೃತ್ತಿಗೂ ನಮಗೂ ನಡುವೆ ನಾನು ಅಷ್ಟು ಶ್ರಮಪಟ್ಟು ಎಳೆದಿದ್ದ ಗೆರೆ ಫೋನಿನ ಒಂದು ರಿಂಗಿಗೆ ಅಳಿಸಿಹೋಯಿತು. ಬದುಕಿನಲ್ಲಿ ಯಾರದೂ ಒಂದು ಸೀಮೆಸುಣ್ಣವನ್ನೂ ಮನೆಗೆ ತಾರದ ಅಮ್ಮ, ಅಳುತ್ತ ಪಾಸ್‌ಬುಕ್ ತೆಗೆದಿಟ್ಟುಕೊಂಡಿದ್ದರು.

ಆಗ ಮಾವ ಊಟಕ್ಕೆ ಬಂದರು. ಸೌತೆಕಾಯಿ ಕೊದ್ದೆಲಿನ ಪರಿಮಳವಿಲ್ಲ, ತಂಗಿ ಮಾತನಾಡುತ್ತಿಲ್ಲ, ಎದುರಿಗೆ ಫೋನಿನಲ್ಲಿ ಪೊಲೀಸ್! ಮಾವನಿಗೆ ಹಸಿವೆ ಮರೆತುಹೋಯಿತು. ಠಾಣೆಯೇ ಮನೆಗೆ ಬಂದಿದೆಯೆಂಬ ಸಂತೋಷದಲ್ಲಿ ಕುರ್ಚಿ ಎಳೆದುಕೊಂಡು ಕುಳಿತರು.

"ನಮಸ್ಕಾರ ಸಾರ್. ನಂದೊಂದ್ ಕಂಪ್ಲೇಂಟ್ ಇತ್ತ್. ನಮ್ ಹಿತ್ತಿಲ್ ತೆಂಗಿನಕಾಯಿ..."

ಖಾಕಿಯವನು ಗದರಿದ: "ನೀವು ಕೂಡ ಅಲ್ಲಿಯೇ ಕುಳಿತುಕೊಳ್ಳಬೇಕು. ಏಳುವ ಹಾಗೆ ಇಲ್ಲ. ಸಂಜೆವರೆಗೆ ಕುಳಿತುಕೊಳ್ಳಬೇಕು."

ಮಾವನ ಮುಖ ಗಂಭೀರವಾಯಿತು. ಅವನನ್ನೇ ದಿಟ್ಟಿಸಿ, ಕೈ ಚಾಚಿ ಕರೆ ಕತ್ತರಿಸಿದರು.

"ಹೆಣೆ, ಇವ ಪೊಲೀಸ್ ಅಲ್ಲ."

"ನಿಂಗ್ ಹ್ಯಾಂಗ್ ಗೊತ್ತ್?"

"ಇಷ್ಟ್ ವರ್ಷ ಠಾಣಿಗ್ ಹೋಯ್ದೆ. ನಂಗ್ ಕೂತ್ಕಣಿ ಅಂದ ಪೊಲೀಸ್ ಒಬ್ಬನೂ ಇಲ್ಲ."

ಅಮ್ಮ ನಗಲಿಲ್ಲ. ಪಾಸ್‌ಬುಕ್ಕನ್ನು ಸೆರಗಿನಡಿ ಮರೆಮಾಡಿದರು. ಎಂತದೂ ಹೋಗಲಿಲ್ಲವಲ್ಲ, ಯಾರಿಗೂ ಹೇಳುವುದು ಬೇಡ, ಮಗಳಿಗಂತೂ ಬೇಡವೇ ಬೇಡ ಎಂದು ಗೋಗರೆದರು. ತಾನು ಅಕ್ಷರ ಕಲಿಸಿದ ಊರು ತನ್ನನ್ನು ನೋಡಿ ನಕ್ಕೀತೆಂಬ ಅಂಜಿಕೆ ಆ ಖಾಕಿಯವನ ಬಗೆಗಿನ ಅಂಜಿಕೆಗಿಂತ ದೊಡ್ಡದಾಗಿತ್ತು. ಮಾವ ಎಂದೂ ಇಲ್ಲದಷ್ಟು ಮೆಲ್ಲಗೆ ಮಾತನಾಡಿದರಂತೆ.

"ಎಂತದೂ ಹೋಯ್ಲಿಲ್ಲ, ಖರೆ. ಆರೆ ನಿಂಗ್ ಹೆದ್ರಿಕಿ ಬಂದಿತ್ತಲ್ದಾ? ಬಂದದ್ದನ್ನ ಬರಿಯದೆ ಬಿಟ್ರೆ, ಬರ್ಲೇ ಇಲ್ಲ ಅಂದ್‌ಹಾಂಗ್ ಆತ್ತ್. ಏಳ್, ಹೋಪ."

ಮಾವನ ಫೋನು ಬಂದೊಡನೆ ನಾನು ಸಿಕ್ಕಿದ ಬಸ್ಸು ಹತ್ತಿ ಠಾಣೆಯ ಮುಂದೆ ಇಳಿದೆ. ಕಿಟಕಿಯಲ್ಲಿ ಕಂಡಿತು: ಹೆಡ್ ಕಾನ್‌ಸ್ಟೇಬಲ್ ತಮ್ಮ ಕುರ್ಚಿಯನ್ನೇ ಅಮ್ಮನಿಗೆ ಕೊಟ್ಟು, ಎದುರಿಗೆ ನಿಂತು ಬರೆದುಕೊಳ್ಳುತ್ತಿದ್ದರು. ಅಮ್ಮ ಅಳುತ್ತಿರಲಿಲ್ಲ. ಒಂದೊಂದೇ ಮಾತನ್ನು ಬಿಡಿಸಿ, ಮಕ್ಕಳಿಗೆ ಹೇಳಿಕೊಡುವಂತೆ ಹೇಳುತ್ತಿದ್ದರು. ಮಾವನ ಇಷ್ಟು ವರ್ಷಗಳ ದುಡಿಮೆಯಲ್ಲಿ ತಾಲೂಕಿನ ಲೆಕ್ಕಕ್ಕೆ ನಿಜವಾಗಿ ಸೇರಿದ ಮೊದಲ ಪ್ರಕರಣ ಅದು. ನಮ್ಮೂರಿನ ಅಪರಾಧ ಪ್ರಮಾಣ ಏರಿದ್ದಕ್ಕೆ ನಾನು ಕೃತಜ್ಞಳಾಗಿರುವುದೂ ಅದೊಂದೇ ಸಲ.

ಮಾವ ಒಳಗಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದರು.

"ಎಂತ ಮಾವ, ಒಳಗ್ ಹೋಯ್ಲಿಲ್ಯಾ? ಇವತ್ತೇ ಅಲ್ದಾ ನಿಮ್ಗೆ ಮಾತಾಡುಕಿಪ್ಪುದ್?"

"ಇವತ್ ಬಂದದ್ದ್ ನಿನ್ ಅಮ್ಮನ ಬಸ್ಸ್ ಮಗಾ. ಅದೇ ಹೇಳ್ಲಿ."

ಅವರ ಕಾಲಬುಡದಲ್ಲಿ ನೋಡಿದೆ. ಠಾಣೆಯನ್ನು ಎಂದೂ ಹತ್ತದ ಅಮ್ಮ ಗುಡಿಯ ಮುಂದೆ ಬಿಡುವಂತೆ ಚಪ್ಪಲಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಹೋಗಿದ್ದರು. ಮಾವ ಅದನ್ನು ಕಾಯುತ್ತಿದ್ದರು.